ಅಂಗೈಯಲ್ಲಿ ಸುಮ್ಮನೆ ಕೂತವನು

ಸಾಂತಾಕ್ರೂಜ್ ಪೂರ್ವ, ಮುಂಬಯಿ
ರವಿವಾರ, 16 ಜೂನ್ 2024

ಅವ್ವಾ,

ನಿನ್ನ ಶಿವಕುಮಾರಿಯ ಶರಣು. ಹಬ್ಬವಿಲ್ಲ, ಮದುವೆಯಿಲ್ಲ, ಇಷ್ಟು ದಪ್ಪ ಪಾಕೀಟು ಯಾಕೆ ಬಂತು ಎಂದು ಗಾಬರಿಯಾಗಬೇಡ. ಮೊದಲೇ ಹೇಳಿಬಿಡುತ್ತೇನೆ: ನಿನ್ನ ಅಳಿಯ ಚೆನ್ನಾಗಿದ್ದಾರೆ, ಸಪ್ನಾ ಚೆನ್ನಾಗಿದ್ದಾಳೆ. ತಮ್ಮ ಅನಿಲಕುಮಾರನ ಫೋನಿಗೆ ಹೇಳಿದ್ದರೆ ಅವನು ನಿನ್ನ ಪಾಟಿಯ ಮೇಲೆ ಬಳಪದಿಂದ ಎರಡು ಸಾಲು ಬರೆದು ತೋರಿಸುತ್ತಿದ್ದ. ಇದು ಎರಡು ಸಾಲಿನ ಮಾತಲ್ಲ. ಓದಿದ ಮೇಲೆ ಅನಿಲಕುಮಾರನ ಕೈಗೆ ಕೊಡಬೇಡ, ನಿನ್ನ ಟ್ರಂಕಿನಲ್ಲೇ ಇಟ್ಟುಕೋ.

ಎಲ್ಲಿಂದ ಶುರು ಮಾಡಲಿ? ಪೂಜೆಯಿಂದಲೇ ಶುರು ಮಾಡುತ್ತೇನೆ, ನಿನಗೆ ಅದು ಬೇಗ ತಿಳಿಯುತ್ತದೆ.

ಮದುವೆಯಾಗಿ ಈ ಚಾಳಿನ ಕೋಣೆಗೆ ಬಂದಾಗಿನಿಂದ ನಾನು ಬೆಳಗಿನ ಲಿಂಗಪೂಜೆ ತಪ್ಪಿಸಿದವಳಲ್ಲ. ಆದರೆ ಇಲ್ಲಿ ಪೂಜೆಗೆ ಕೂರುವುದೆಂದರೆ ಸಂತೆಯ ನಡುವೆ ಕೂತ ಹಾಗೆ ಎಂದು ಊರಿಗೆ ಬಂದಾಗಲೆಲ್ಲ ನಿನ್ನ ಪಾಟಿಯ ಮೇಲೆ ಬರೆದು ಗೊಣಗಿದ್ದೇನೆ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ದೃಷ್ಟಿ ನಿಲ್ಲಿಸುವಷ್ಟರಲ್ಲಿ, ಮಾಡಿನ ತಗಡಿಗೆ ತಾಗಿತೇನೋ ಎನ್ನುವಷ್ಟು ಕೆಳಗೆ ವಿಮಾನ ಹೋಗುತ್ತದೆ. ಅದು ಹೋದರೆ ನಳದ ಹತ್ತಿರ ಬಕೇಟುಗಳ ಜಗಳ. ಪಕ್ಕದ ಮನೆಯ ಟಿವಿ. ಮೂಲೆಯ ಗ್ಯಾರೇಜಿನವನು ರಿಕ್ಷಾಗಳನ್ನು ಶುರು ಮಾಡಿ ಗುರ್‌ಗುಡಿಸುತ್ತಲೇ ಇರುತ್ತಾನೆ. ಇನ್ನು ನಿನ್ನ ಅಳಿಯ. ವಿಮಾನದ ಕೆಳಗೆ ನಿಂತು ಸಾಮಾನು ಹೇರುವ ಕೆಲಸದವರು, ಊಟಕ್ಕೆ ಕೂತು ಉಪ್ಪು ಕೇಳುವುದಿದ್ದರೂ ರನ್‌ವೇ ಆಚೆಯವನನ್ನು ಕರೆದ ಹಾಗೆ ಕೂಗುತ್ತಾರೆ. ನಾನು ದಿನಾ ಬೇಡಿಕೊಂಡದ್ದು ಒಂದೇ. ಮಗಳಿಗೆ ಮಾರ್ಕು ಕೊಡು, ಬಿಲ್ಡಿಂಗಿನಲ್ಲಿ ಮನೆ ಕೊಡು ಎಂದು ಕೇಳಲಿಲ್ಲ. ಒಂದಿಷ್ಟು ಹೊತ್ತು ಈ ಸದ್ದು ನಿಲ್ಲಿಸು ತಂದೆ, ನೀನು ಇದ್ದೀಯೋ ಇಲ್ಲವೋ ಕಿವಿಗೊಟ್ಟು ಕೇಳುತ್ತೇನೆ ಎಂದಷ್ಟೇ.

ಅವ್ವಾ, ಈಗ ಸದ್ದು ನಿಲ್ಲತೊಡಗಿದೆ.

ಚಳಿಗಾಲದಲ್ಲಿ ಬಲಗಿವಿಯಲ್ಲಿ ಒಂದು ಸೀಟಿ ಶುರುವಾಯಿತು. ಯಾರದೋ ಮನೆಯಲ್ಲಿ ಕುಕ್ಕರ್ ಕೂಗುತ್ತಿದೆ ಅಂದುಕೊಂಡೆ. ಆದರೆ ಆ ಕುಕ್ಕರ್ ಇಳಿಸುವವರೇ ಇಲ್ಲ. ಎಣ್ಣೆ ಬಿಟ್ಟುಕೊಂಡೆ, ನೆಗಡಿ ಇದ್ದೀತು ಎಂದು ಹಬೆ ತೆಗೆದುಕೊಂಡೆ. ಮನೆಯಲ್ಲಿ ಇವರು ಕೂಗಿಯೇ ಮಾತಾಡುವುದರಿಂದ ಏನೂ ತಪ್ಪಿದಂತೆ ಅನಿಸಲಿಲ್ಲ. ಸಪ್ನಾ ಮೊಬೈಲು ನೋಡುತ್ತ ತಗ್ಗಿದ ದನಿಯಲ್ಲಿ ಏನೋ ಹೇಳುತ್ತಾಳೆ, ಅದರಲ್ಲಿ ಅರ್ಧ ಹಿಂದಿ. ಈ ಕಾಲದ ಹುಡುಗಿಯರ ಮಾತೇ ಹೀಗೆ ಎಂದು ಬಿಟ್ಟೆ. ಇಷ್ಟು ಗದ್ದಲದ ಊರಿನಲ್ಲಿ ಒಬ್ಬಳ ಕಿವಿ ಹೋಗುತ್ತಿರುವುದು ಯಾರಿಗೂ ಗೊತ್ತಾಗುವುದಿಲ್ಲವ್ವ. ಅವಳಿಗೇ ಗೊತ್ತಾಗುವುದಿಲ್ಲ.

ಗೊತ್ತಾದದ್ದು ಹೆರಿಗೆ ಆಸ್ಪತ್ರೆಯಲ್ಲಿ. ಬಸುರಿಯರನ್ನು ಪರೀಕ್ಷೆಗೆ ಮಲಗಿಸಿ ಹೊಟ್ಟೆಯೊಳಗಿನ ಕೂಸಿನ ಎದೆಬಡಿತ ಕೇಳುವುದು ನನ್ನ ಕೆಲಸ. ಅದಕ್ಕೆ ಈಗ ಮಷೀನು ಇದೆ. ಆದರೆ ನಾನು ಕಲಿತದ್ದು ಹಳೆಯ ಕೊಳವೆಯಲ್ಲಿ, ಸಣ್ಣ ತುತ್ತೂರಿಯಂಥದ್ದು. ಅಗಲದ ಬಾಯಿ ಹೊಟ್ಟೆಯ ಮೇಲೆ ಊರಿ, ಈ ಕಡೆ ಕಿವಿ ಹಚ್ಚುವುದು. ಹೊರಗೆ ಬಸ್ಸು, ರಿಕ್ಷಾ, ಹಾರನ್ನು ಏನೇ ಇರಲಿ, ಆ ಟಕಟಕ ನನ್ನ ಕಿವಿಗೆ ಸಿಗುತ್ತಿತ್ತು. ಆ ಕೆಲಸದಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ಮೇ ಕೊನೆಗೆ ಭಾಗವ್ವ ಎನ್ನುವ ಹುಡುಗಿ ಬಂದಿದ್ದಳು. ಇಂಡಿ ಕಡೆಯವಳು. ಸ್ಟೇಷನ್ ಹತ್ತಿರ ಏಳುತ್ತಿರುವ ದೊಡ್ಡ ಬಿಲ್ಡಿಂಗಿನಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕಿದ್ದಾರೆ. ಹಿಂದಿ ಬರುವುದಿಲ್ಲ, ಅದಕ್ಕೆ ಬಂದಾಗಲೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತಾಳೆ. ಮಷೀನು ಹೆರಿಗೆ ಕೋಣೆಯಲ್ಲಿತ್ತು. ನಾನು ಕೊಳವೆ ಇಟ್ಟೆ. ಏನೂ ಇಲ್ಲ. ಸ್ವಲ್ಪ ಕೆಳಗೆ ಇಟ್ಟೆ, ಬದಿಗೆ ಇಟ್ಟೆ. ನನ್ನ ಸೀಟಿ ಬಿಟ್ಟರೆ ಬೇರೇನೂ ಇಲ್ಲ. ಕೂಸು ಹೋಗಿದೆ ಎಂದುಕೊಂಡೆ. ಅವಳು ನನ್ನ ಮುಖ ನೋಡಿ ಎದ್ದು ಕೂತಳು. “ಯಕ್ಕಾ, ಕೂಸು ಐತಿಲ್ರಿ? ಯಾಕ ಸುಮ್ಮಾದ್ರಿ? ಏನರೆ ಹೇಳ್ರಿ!” ಅವಳು ಹೊಟ್ಟೆ ಹಿಡಿದುಕೊಂಡು ಅಳತೊಡಗಿದಳು.

ಆ ಅಳು ಕೇಳಿ ವಿನೋದಿನಿ ಓಡಿಬಂದಳು. ನನ್ನ ಜೊತೆ ಕೆಲಸ ಮಾಡುವವಳು, ಉಡುಪಿ ಕಡೆಯವಳು. ನನ್ನ ಕೈಯಿಂದ ಕೊಳವೆ ತೆಗೆದುಕೊಂಡು ನಾನು ಇಟ್ಟ ಜಾಗದಲ್ಲೇ ಇಟ್ಟು ಕೇಳಿದಳು, ಕೇಳಿ ನಕ್ಕುಬಿಟ್ಟಳು. “ಎಂಥದು ಮಾರಾಯ್ರೆ, ಇಷ್ಟು ಚಂದ ಕೇಳ್ತದಲ್ಲ! ಕುದುರೆ ಓಡಿದ ಹಾಗೆ ಓಡ್ತಾ ಉಂಟು.” ಆಮೇಲೆ ನನ್ನ ಕಡೆ ತಿರುಗಿದವಳ ನಗು ಅಲ್ಲೇ ನಿಂತಿತು. ಭಾಗವ್ವ ಮಾತ್ರ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು, ಕೂಸನ್ನು ನಾನೇ ಉಳಿಸಿಕೊಟ್ಟ ಹಾಗೆ.

ವಿನೋದಿನಿಯೇ ಕಿವಿ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿ ಗಾಜಿನ ಬಾಗಿಲ ಒಂದು ಸಣ್ಣ ಕೋಣೆ. ಒಳಗೆ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗ ಒತ್ತಿ ಎಂದರು. ಅವ್ವಾ, ಮುಂಬಯಿಯಲ್ಲಿ ಅಂಥ ಶಾಂತ ಜಾಗದಲ್ಲಿ ನಾನು ಕೂತೇ ಇರಲಿಲ್ಲ. ಇಷ್ಟು ವರ್ಷ ಬೇಡಿಕೊಂಡದ್ದು ಇಂಥ ಜಾಗವನ್ನೇ ಅಲ್ಲವೇ? ಗಾಜಿನ ಆಚೆ ಪರೀಕ್ಷೆ ಮಾಡುವ ಹುಡುಗಿ ಗುಂಡಿ ತಿರುಗಿಸುತ್ತಾಳೆ, ನನ್ನ ಮುಖ ನೋಡುತ್ತಾಳೆ, ಏನೋ ಬರೆದುಕೊಳ್ಳುತ್ತಾಳೆ. ನನ್ನ ಬೆರಳು ಹಾಗೇ ಕಾಯುತ್ತ ಕೂತಿದೆ.

ನರ ಸೋಲುತ್ತಿದೆಯಂತೆ. ಎರಡೂ ಕಿವಿ, ಬಲಗಡೆ ಹೆಚ್ಚು. ಆಪರೇಷನ್ ಮಾಡಿ ಫಲವಿಲ್ಲ, ಔಷಧ ಇಲ್ಲ. ಕಿವಿಯ ಮಷೀನು ಸ್ವಲ್ಪ ಕಾಲ ನಡೆಸಿಕೊಟ್ಟೀತು. ಮನೆಯಲ್ಲಿ ಮತ್ತೆ ಯಾರಿಗಾದರೂ ಹೀಗಿತ್ತೇ ಎಂದು ಕೇಳಿದರು. ನನ್ನ ತಾಯಿಗೆ ಎಂದೆ. ಡಾಕ್ಟರು ಅದನ್ನೂ ಬರೆದುಕೊಂಡರು.

ನಿನ್ನ ಅಳಿಯನಿಗೆ ಹೇಳಿಲ್ಲ. ಸಪ್ನಾಗೂ ಹೇಳಿಲ್ಲ. ಹೇಗೆ ಹೇಳುವುದೋ ಗೊತ್ತಾಗುತ್ತಿಲ್ಲ.

ನಿನ್ನ ಕಿವಿ ಪೂರ್ತಿ ಹೋದಾಗ ನಾನು ಆರನೇ ಇಯತ್ತೆಯಲ್ಲಿದ್ದೆ. ನೀನು ಭಜನೆಗೆ ಹೋಗುವುದು ಬಿಟ್ಟೆ, ಲಿಂಗ ಅಂಗೈಯಲ್ಲಿಟ್ಟುಕೊಂಡು ಕೂತರೆ ಬಿಸಿಲು ಅಂಗಳ ದಾಟಿ ಬರುವವರೆಗೂ ಏಳುತ್ತಿರಲಿಲ್ಲ. ಓಣಿಯವರು “ಸುಂದ್ರವ್ವಗ ಈಗ ಶಿವನ ದನಿ ಒಂದ ಕೇಳ್ತದ” ಅನ್ನುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಹಸಿವು ಎಂದು ಕರೆದರೆ ನೀನು ತಿರುಗುತ್ತಿರಲಿಲ್ಲ. ಅವ್ವ ಅವನ ಜೊತೆ ಮಾತಾಡುತ್ತಿದ್ದಾಳೆ, ನಡುವೆ ಹೋಗಬಾರದು ಎಂದು ನಾನೇ ಡಬ್ಬಿಯಿಂದ ರೊಟ್ಟಿ ತೆಗೆದುಕೊಳ್ಳುತ್ತಿದ್ದೆ.

ಈಗ ಖರೆ ಹೇಳು. ಏನು ಕೇಳಿಸುತ್ತಿತ್ತು ನಿನಗೆ? ನಾನು ದಿನಾ ಕೂರುತ್ತಿದ್ದೇನೆ. ವಿಮಾನ ದೂರವಾಗಿದೆ, ನಳದ ಜಗಳ ದೂರವಾಗಿದೆ. ಉಳಿದದ್ದು ಸೀಟಿ. ಅವನು ಇದರ ಹಿಂದೆ ಎಲ್ಲಿದ್ದಾನೆ? ಇನ್ನೂ ಪೂರ್ತಿ ಕಿವುಡಾಗಬೇಕೇ, ಆಮೇಲೆ ಬರುತ್ತಾನೆಯೇ? ಈ ದಾರಿ ನಡೆದವಳು ನನಗೆ ಗೊತ್ತಿರುವವರಲ್ಲಿ ನೀನೊಬ್ಬಳೇ. ಬೇಗ ಬರೆ.

ನಿನ್ನ
ಶಿವಕುಮಾರಿ


ಅಫಜಲಪುರ
29 ಜೂನ್ 2024

ಮಗಳು ಶಿವಕುಮಾರಿಗೆ,

ನಿಮ್ಮವ್ವನ ಆಶೀರ್ವಾದ. ನಿನ್ನ ಕಾಗದ ಮುಟ್ಟಿತು. ಮಾಳಿಗೆಯ ಮೇಲೆ ಶೇಂಗಾ ಒಣಗಲು ಹಾಕಿದ್ದೆ, ಅಲ್ಲೇ ಕೂತು ಓದಿದೆ. ಮೋಡ ಬಂದು ಶೇಂಗಾ ತೊಯ್ದವು, ನನಗೆ ಖಬರಿಲ್ಲ. ಸೊಸೆ ಬಂದು ಏನು ಕಾಗದ ಎಂದು ಕೈಮಾಡಿ ಕೇಳಿದಳು. ತಿಳಿಯಲಿಲ್ಲ ಎನ್ನುವ ಹಾಗೆ ಮುಖ ಮಾಡಿದೆ. ಕಿವುಡರಿಗೆ ಇದೊಂದು ಅನುಕೂಲ, ಮುಂದೆ ನಿನಗೂ ಬರುತ್ತದೆ.

ನನ್ನ ಅವ್ವನಿಗೂ ಹೀಗೇ ಆಗಿತ್ತು. ಅವಳಿಂದ ನನಗೆ, ನನ್ನಿಂದ ನಿನಗೆ. ನಿನಗೆ ಇದು ಬರಬಾರದು ಎಂದು ನಿನ್ನನ್ನು ತೊಟ್ಟಿಲಲ್ಲಿ ಹಾಕಿದ ದಿನದಿಂದ ಕೇಳಿಕೊಂಡಿದ್ದೇನೆ. ನೀನು ಊರಿಗೆ ಬಂದಾಗಲೆಲ್ಲ ನಿನ್ನ ಬೆನ್ನ ಹಿಂದೆ ನಿಂತು ಪಾತ್ರೆ ಕುಟ್ಟಿ, ನೀನು ತಿರುಗುವುದನ್ನು ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನಿನಗೆ ಗೊತ್ತಿಲ್ಲ.

ನೀನು ಖರೆ ಹೇಳು ಅಂದಿದ್ದೀ. ಹೇಳುತ್ತೇನೆ. ಬೇರೆ ಯಾರು ಕೇಳಿದ್ದರೂ ಹೇಳುತ್ತಿರಲಿಲ್ಲ.

ಶಿವ ನನಗೆ ಏನೂ ಹೇಳಲಿಲ್ಲ. ಒಂದು ದಿನವೂ ಹೇಳಲಿಲ್ಲ.

ಕಿವಿ ಹೋಗುವಾಗ ಜನ ಮೊದಲು ಕೂಗಿ ಹೇಳುತ್ತಾರೆ. ಆಮೇಲೆ ಬೇಸರಪಡುತ್ತಾರೆ. ಆಮೇಲೆ ಹೇಳುವುದೇ ಬಿಡುತ್ತಾರೆ. ನಿಮ್ಮಪ್ಪ ಅಣವೀರಪ್ಪ ಒಳ್ಳೆಯವರು, ಅದು ನಿನಗೂ ಗೊತ್ತು. ಆದರೆ ಕಟ್ಟೆಯ ಮೇಲೆ ಬೀಗರ ಜೊತೆ ಕೂತು ಹೊಟ್ಟೆ ಹಿಡಿದು ನಗುತ್ತಿದ್ದರು. ಏನು, ಏನಾಯಿತು ಎಂದು ನಾನು ಕೇಳಿದರೆ ಕೈ ಅಲ್ಲಾಡಿಸಿ “ಏನಿಲ್ಲ” ಅನ್ನುತ್ತಿದ್ದರು. ಆ ಏನಿಲ್ಲ ಎನ್ನುವ ಮಾತನ್ನು ತುಟಿಯ ಮೇಲೆ ಓದುವುದನ್ನೇ ನಾನು ಎಲ್ಲಕ್ಕಿಂತ ಮೊದಲು ಕಲಿತದ್ದು. ಕಿವಿ ಹೋದದ್ದಕ್ಕೆ ನಾನು ಅಷ್ಟು ಅಳಲಿಲ್ಲ, ಆ ಮಾತಿಗೆ ಅತ್ತೆ.

ಅಂಗೈಯಲ್ಲಿ ಲಿಂಗ ಇದ್ದಾಗ ಮಾತ್ರ ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. ಯಾರಿಗೂ ನಾನು ಉತ್ತರ ಕೊಡಬೇಕಿರಲಿಲ್ಲ. ಯಾರು ಏನಂದರೋ ಎಂದು ಮುಖಮುಖ ನೋಡಬೇಕಿರಲಿಲ್ಲ. ಅದಕ್ಕೇ ಕೂರುತ್ತಿದ್ದೆ. ಓಣಿಯವರು ಭಕ್ತಿ ಅಂದರು. ನಾನು ಅಡಗಿ ಕೂತಿದ್ದೆ ಮಗಳೇ. ನೀನು ಬಾಗಿಲಲ್ಲಿ ನಿಂತು ಕರೆದು, ನೀನೇ ರೊಟ್ಟಿ ತೆಗೆದುಕೊಂಡು ಹೋದದ್ದು ನಿನ್ನ ಕಾಗದದಿಂದ ಈಗ ಗೊತ್ತಾಯಿತು.

ಅವನಿಗೆ ಬೈದಿದ್ದೇನೆ. ಕಲ್ಲು ನೀನು, ಬರೀ ಕಲ್ಲು ಎಂದಿದ್ದೇನೆ. ಅದಕ್ಕೂ ಅವನು ಏನೂ ಅನ್ನಲಿಲ್ಲ.

ಒಂದು ಇದೆ. ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಕರಡಿಗೆಯಿಂದ ತೆಗೆದಾಗ ಲಿಂಗ ತಣ್ಣಗಿರುತ್ತದೆ. ಕೂತು ಕೂತು ಅದು ಬೆಚ್ಚಗಾಗುತ್ತದೆ. ನನ್ನ ಕೈಯ ಕಾವೇ ಅದು, ಅಷ್ಟು ತಿಳಿಯದವಳಲ್ಲ ನಾನು. ಆದರೂ ಬೆಚ್ಚಗಾದ ಮೇಲೆ ಕೈಯಲ್ಲಿ ಯಾರೋ ಇದ್ದಾರೆ ಅನಿಸುತ್ತಿತ್ತು. ಮಾತಾಡದೆ ಬಂದು ಹತ್ತಿರ ಕೂತವರ ಹಾಗೆ. ಅವರಿಗೂ ನನ್ನಿಂದ ಮಾತು ಬೇಕಾಗಿರಲಿಲ್ಲ. ಇದಕ್ಕೆ ಶಿವ ಅನ್ನಬೇಕೋ ಏನನ್ನಬೇಕೋ ನನಗೆ ತಿಳಿಯದು. ಇದಕ್ಕಿಂತ ಒಂದು ಅಕ್ಷರ ಹೆಚ್ಚು ಬರೆದರೂ ಸುಳ್ಳಾಗುತ್ತದೆ.

ಈಗ ನಾ ಹೇಳಿದ್ದು ಕೇಳು. ಗಂಡನಿಗೆ ಹೇಳು, ಬಚ್ಚಿಡಬೇಡ. ಕೇಳಿಸದೆ ಇದ್ದಾಗ ಹೂಂ ಎಂದು ಗೋಣು ಹಾಕಬೇಡ. ನಾನು ಹಾಗೆ ಗೋಣು ಹಾಕಿ ಹಾಕಿ ಏನೇನೋ ಒಪ್ಪಿಕೊಂಡಿದ್ದೇನೆ. ಮನೆಯವರಿಗೆ ಎಲ್ಲ ಬಿಟ್ಟು ಒಂದೇ ಮಾತು ಹೇಳು, ಏನಿಲ್ಲ ಅನ್ನಬೇಡಿ ಅನ್ನು.

ಮತ್ತೆ ಸಪ್ನಾಳ ದನಿ ಕೇಳಿಟ್ಟುಕೋ. ಇರುವಾಗಲೇ ಚೆನ್ನಾಗಿ ಕೇಳಿಟ್ಟುಕೋ. ನನಗೆ ನಿನ್ನ ದನಿ ನೆನಪಿರುವುದು ಆರನೇ ಇಯತ್ತೆಯದು. ನೀನು ಮುಂಬಯಿಯಿಂದ ಬಂದು, ಇಷ್ಟು ದೊಡ್ಡ ಹೆಂಗಸು, ಎದುರಿಗೆ ಕೂತು ತುಟಿ ಅಲ್ಲಾಡಿಸುತ್ತೀ. ನನ್ನೊಳಗೆ ಆ ಸಣ್ಣ ಹುಡುಗಿಯೇ ಮಾತಾಡುತ್ತಾಳೆ. ದೊಡ್ಡವಳಾದ ಮೇಲೆ ನಿನ್ನ ದನಿ ಹೇಗಾಯಿತು ಎಂದು ನನಗೆ ಗೊತ್ತೇ ಇಲ್ಲ.

ಮೈ ಕಡೆ ನೋಡಿಕೋ.

ನಿಮ್ಮವ್ವ
ಸುಂದ್ರವ್ವ


ಸಾಂತಾಕ್ರೂಜ್ ಪೂರ್ವ, ಮುಂಬಯಿ
ರವಿವಾರ, 18 ಆಗಸ್ಟ್ 2024

ಅವ್ವಾ,

ಶರಣು. ಇಷ್ಟು ತಡವಾಗಿ ಬರೆಯುತ್ತಿದ್ದೇನೆ. ನಿನ್ನ ಕಾಗದ ಓದಿ ಮೊದಲು ಸಿಟ್ಟು ಬಂತು. ನಿನ್ನ ಮೇಲಲ್ಲ. ಊರೆಲ್ಲ ನಂಬಿದ್ದು, ನಾನೂ ನಂಬಿದ್ದು, ಅಷ್ಟು ದೂರದಿಂದ ಹಿಡಿದುಕೊಂಡು ಬಂದ ಒಂದು ಹಗ್ಗ ಕೈಯಿಂದ ಜಾರಿದ ಹಾಗಾಯಿತು. ಕೆಲವು ದಿನ ಪೂಜೆಗೆ ಕೂತು, ನೀರು ಹಾಕಿ, ಭಸ್ಮ ಹಚ್ಚಿ, ಕಣ್ಣೆತ್ತಿ ನೋಡದೆ ಎದ್ದುಬಿಟ್ಟೆ.

ನಿನ್ನ ಅಳಿಯನಿಗೆ ಹೇಳಿದೆ. ರಜೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಡಾಕ್ಟರರ ಕಾಗದ ಮುಂದಿಟ್ಟೆ. “ಯಾಕ, ಏನಾಗ್ಯಾದ?” ಎಂದು ಎಂದಿನ ಹಾಗೆ ಕೂಗಿದರು. ಹೇಳಿದೆ. ಕಾಗದ ಮಡಚಿ ನನ್ನ ಕೈಗೆ ಕೊಟ್ಟರು. ಆಮೇಲೆ ಅದೇನೋ ಹೇಳಿದರು. ಮದುವೆಯಾದಾಗಿನಿಂದ ಮೊದಲ ಸಲ ಅವರು ಮೆಲ್ಲಗೆ ಮಾತಾಡಿದರು. ನನಗೆ ಕೇಳಿಸಲಿಲ್ಲ ಅವ್ವಾ. ಏನಂದಿರಿ ಎಂದು ಕೇಳಿದೆ. ಅವರು ಬಾಯಿ ತೆರೆದು ಏನಿಲ್ಲ ಅನ್ನಲು ಹೊರಟರು, ನಾನು ಕೈ ಅಡ್ಡ ಹಿಡಿದೆ. ನಿನ್ನ ಮಾತು ಹೇಳಿದೆ. ಆಗ ಅವರು ಚಾಳಿಗೆಲ್ಲ ಕೇಳುವ ಹಾಗೆ “ನಾ ಒದರಿ ಒದರಿನೇ ನಿನ್ನ ಕಿವಿ ಹಾಳಾತೇನು ಅಂತ ಕೇಳ್ದೆ!” ಎಂದರು. ಅಲ್ಲ, ಇದು ನಮ್ಮ ಅವ್ವನ ಮನೆಯಿಂದ ಬಂದದ್ದು ಎಂದೆ. ನಂಬಲಿಲ್ಲ ಅಂತ ಕಾಣುತ್ತದೆ. ಅಂದಿನಿಂದ ಅವರಿಗೆ ಕೂಗಲೂ ಹೆದರಿಕೆ, ಮೆಲ್ಲಗೆ ಮಾತಾಡಲೂ ಹೆದರಿಕೆ. ಮುಲುಂಡಿನಲ್ಲಿ ಯಾರೋ ಬೇರಿನ ಎಣ್ಣೆ ಕೊಡುತ್ತಾರೆಂದು ಕರೆದುಕೊಂಡು ಹೋದರು. ಬೊರಿವಲಿಯಲ್ಲಿ ಇನ್ನೊಬ್ಬರು ಎಂದರು, ಅಲ್ಲಿಗೂ ಹೋದೆ. ಪ್ರಯೋಜನವಿಲ್ಲ ಎಂದು ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನಗೆ ಗೊತ್ತಿಲ್ಲವೇ? ಅವರ ಸಮಾಧಾನಕ್ಕೆ ಹೋದೆ. ಬರುವಾಗ ಲೋಕಲ್‌ನಲ್ಲಿ ಅವರು ನನ್ನ ಪಕ್ಕ ನಿಂತು ಜನ ನೂಕದ ಹಾಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ಕಿವಿಯನ್ನೇ ಕಾಯುತ್ತಿರುವವರ ಹಾಗೆ.

ಕಿವಿಗೆ ಮಷೀನು ಬಂದಿದೆ. ಪ್ಲಾಸ್ಟಿಕ್ ಚೀಲ ಮಡಚಿದರೆ ಬೆಂಕಿ ಬಿದ್ದ ಹಾಗೆ ಕೇಳುತ್ತದೆ, ಎದುರಿನವರ ಮಾತು ಮಾತ್ರ ತುಂಡು ತುಂಡು. ಹಾಕಿಕೊಂಡು ಒಮ್ಮೆ ಪೂಜೆಗೆ ಕೂತೆ. ವಿಮಾನ, ನಳ, ಗ್ಯಾರೇಜು ಎಲ್ಲವೂ ಒಟ್ಟಿಗೆ ತಲೆಯೊಳಗೆ ನುಗ್ಗಿದವು. ತೆಗೆದಿಟ್ಟೆ. ಸೀಟಿ ಬಂತು. ಈ ಎರಡರ ನಡುವೆ ಅವನಿಗೆ ಎಲ್ಲಿ ಜಾಗ ಮಾಡಿಕೊಡಲಿ?

ಕೆಲಸದ ಬಗ್ಗೆ ನಾನೇ ಡಾಕ್ಟರ್ ಮೇಡಂ ಹತ್ತಿರ ಹೋಗಿ ಹೇಳಿದೆ. ಅವರು ಒಳ್ಳೆಯವರು. ತೆಗೆದುಹಾಕಲಿಲ್ಲ. ಈಗ ನಾನು ಬಟ್ಟೆ ಕೋಣೆಯಲ್ಲಿದ್ದೇನೆ. ಹಾಸಿಗೆ ಬಟ್ಟೆ, ಕೂಸುಗಳ ಬಟ್ಟೆ ಎಣಿಸಿ ಮಡಚಿಡುವುದು. ಕೊಳವೆಯನ್ನು ವಿನೋದಿನಿಗೆ ಕೊಟ್ಟೆ. ಅವಳು ಬೇಡ ಬೇಡ ಎಂದು ಅತ್ತಳು. ಏನಂದಳೋ ಪೂರ್ತಿ ಕೇಳಿಸಲಿಲ್ಲ, ಆದರೆ ಅವಳೂ ಏನಿಲ್ಲ ಅನ್ನಲಿಲ್ಲ.

ಈಗ ಒಂದು ವಿಷಯ ಬರೆಯಬೇಕು.

ಹೋದ ವಾರ ಮಳೆಯ ನಡುವೆ ಭಾಗವ್ವ ಹೆರಿಗೆಗೆ ಬಂದಳು. ನೋವು ಎದ್ದ ಮೇಲೆ ಯಾರ ಮಾತನ್ನೂ ಕೇಳದೆ, ನಮ್ಮ ಭಾಷೆಯ ಸಿಸ್ಟರ್ ಎಲ್ಲಿ, ಆ ಅಕ್ಕ ಬರಲಿ ಎಂದು ಹಟ ಹಿಡಿದಳಂತೆ. ವಿನೋದಿನಿ ಬಟ್ಟೆ ಕೋಣೆಗೆ ಬಂದು ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಕಿವಿಯ ಮಷೀನನ್ನು ನಾನು ತೆಗೆದು ಚೀಲದಲ್ಲಿ ಇಟ್ಟಿದ್ದೆ. ತರಲು ಹೊತ್ತಿರಲಿಲ್ಲ.

ಅವಳ ತಲೆಯ ಹತ್ತಿರ ನಿಂತೆ. ಅವಳು ಒಂದು ಕೈಯಿಂದ ನನ್ನ ಮಣಿಕಟ್ಟು ಹಿಡಿದಳು, ಬಳೆ ಒಡೆಯುವ ಹಾಗೆ. ಉಸಿರು ಹಿಡಿ, ಬಿಡು, ಆಯಿತು ತಂಗಿ, ಇನ್ನೊಂದು ಸಲ ಎಂದು ಹೇಳುತ್ತಲೇ ಇದ್ದೆ. ನನ್ನ ದನಿಯೇ ನನಗೆ ಹೊದಿಕೆಯೊಳಗಿನಿಂದ ಬಂದ ಹಾಗಿತ್ತು. ಅವಳು ಏನೇನೋ ಹೇಳುತ್ತಿದ್ದಳು, ನಾನು ತುಟಿ ನೋಡಿ ಉತ್ತರ ಕೊಡುತ್ತಿದ್ದೆ. ಬೇರೆಯವರೆಲ್ಲ ಬಾಯಿಗೆ ಮಾಸ್ಕ್ ಹಾಕಿದ್ದರು. ಯಾರ ತುಟಿಯೂ ಕಾಣುವುದಿಲ್ಲ.

ಕೂಸು ಹೊರಗೆ ಬಂತು. ಹೆಣ್ಣು ಕೂಸು. ಬಣ್ಣ ಚೆನ್ನಾಗಿರಲಿಲ್ಲ. ವಿನೋದಿನಿ ಅದರ ಬೆನ್ನು ಉಜ್ಜುತ್ತಿದ್ದಳು, ಮೇಡಂ ಬಾಗಿ ಬಾಯಿ ಒರೆಸುತ್ತಿದ್ದರು. ಕೂಸಿನ ಬಾಯಿ ತೆರೆದಿತ್ತು. ಅದು ಅಳುತ್ತಿದೆಯೋ, ಉಸಿರಿಗೆ ಬಾಯಿ ಬಿಡುತ್ತಿದೆಯೋ? ಇಷ್ಟು ವರ್ಷ ಆ ಕೋಣೆಯಲ್ಲಿ ಎಲ್ಲರಿಗಿಂತ ಮೊದಲು ಆ ಅಳು ಕೇಳಿಸಿಕೊಂಡವಳು ನಾನು, ಈಗ ಒಬ್ಬೊಬ್ಬರ ಕಣ್ಣು ನೋಡುತ್ತ ನಿಂತೆ. ಮಾಸ್ಕಿನ ಮೇಲಿನ ಕಣ್ಣುಗಳಿಂದ ಏನೂ ತಿಳಿಯಲಿಲ್ಲ. ಭಾಗವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಅವತ್ತಿನ ಹಾಗೆಯೇ. ನಾನು ಹೇಳಬೇಕು ಅವಳಿಗೆ, ಇದೆಯೋ ಇಲ್ಲವೋ ಎಂದು. ಆಗ ಮನಸ್ಸಿಗೆ ಮಂತ್ರ ಬರಲಿಲ್ಲ, ಶಿವನ ಹೆಸರೂ ಬರಲಿಲ್ಲ. ಯಾರಾದರೂ ಹೇಳಿ, ಹೇಳಿ ಎಂದಷ್ಟೇ ಒಳಗೆ ಒದರುತ್ತಿದ್ದೆ. ಯಾರೂ ಹೇಳಲಿಲ್ಲ.

ವಿನೋದಿನಿ ಕೂಸನ್ನು ತಂದು ತಾಯಿಯ ಎದೆಯ ಮೇಲೆ ಮಲಗಿಸಿದಳು. ಜಾರದಿರಲಿ ಎಂದು ನನ್ನ ಕೈಯನ್ನು ಅದರ ಬೆನ್ನಿನ ಮೇಲೆ ಇಟ್ಟಳು. ಅಂಗೈ ತುಂಬ ಕೂಸು. ಅದು ನಡುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ನಡುಗುತ್ತಿತ್ತು. ಅಳು ಅದು ಅವ್ವಾ. ಅದು ಬೊಬ್ಬೆ ಹೊಡೆದು ಅಳುತ್ತಿತ್ತು, ನನ್ನ ಅಂಗೈಗೆ ಸಿಗುತ್ತಿತ್ತು. ನಾನು ಭಾಗವ್ವನಿಗೆ, “ಅಳಾಕತ್ತೈತಿ, ಚಲೋ ಅಳಾಕತ್ತೈತಿ” ಎಂದೆ. ಅವಳಿಗೆ ಕೇಳುತ್ತಲೇ ಇತ್ತು. ಆದರೂ ನಾನು ಹೇಳಿದ ಮೇಲೆಯೇ ಮಣಿಕಟ್ಟು ಬಿಟ್ಟಳು.

ನಿನಗೆ ಮಾತ್ರ ಇದನ್ನು ಬರೆಯುತ್ತಿದ್ದೇನೆ. ಆ ಹೊತ್ತಿಗೆ ನನ್ನ ಸೀಟಿ ಇತ್ತು, ಕೋಣೆಯ ಗದ್ದಲವೂ ಇದ್ದಿರಬೇಕು, ಆದರೂ ಎಲ್ಲವೂ ಸುಮ್ಮನಿದೆ ಅನಿಸಿತು. ಇದಕ್ಕೆ ಶಿವ ಅನ್ನುವಷ್ಟು ಧೈರ್ಯ ನನಗೆ ಇಲ್ಲ. ನೀನು ಹೇಳಿದ ಹಾಗೆ, ಒಂದು ಅಕ್ಷರ ಹೆಚ್ಚು ಬರೆದರೆ ಸುಳ್ಳಾಗುತ್ತದೆ. ಮಾರನೆಯ ದಿನ ಶ್ರಾವಣ ಸೋಮವಾರ. ಏನೋ ಆಸೆಯಿಂದ ಬೇಗ ಮಿಂದು ಪೂಜೆಗೆ ಕೂತೆ. ಏನೂ ಇಲ್ಲ. ಲಿಂಗ ಬೆಚ್ಚಗಾಗುವವರೆಗೆ ಕೂತೆ, ಅದು ಬೆಚ್ಚಗಾಯಿತು, ಅಷ್ಟೇ. ಇನ್ನೂ ಸ್ವಲ್ಪ ಹೊತ್ತು ಕೂತಿದ್ದೆ. ಎದ್ದು ಎಲ್ಲಿಗೆ ಹೋಗುವುದು?

ಸಪ್ನಾಗೆ ಹೇಳಿದಾಗ ಅವಳು ಏನೂ ಕೇಳಲಿಲ್ಲ. ಎದ್ದು ಬಂದು ನನ್ನ ಎಡಗಡೆ, ಸ್ವಲ್ಪ ಕೇಳುವ ಕಿವಿಯ ಹತ್ತಿರ ಕೂತಳು. ಈಗ ದಿನಾ ಸಂಜೆ ಕಾಲೇಜಿನಿಂದ ಬಂದು ಅಲ್ಲೇ ಕೂರುತ್ತಾಳೆ. ಮಾತಾಡಿದ್ದು ಬರಹವಾಗಿ ಬರುವ ಹಾಗೆ ಏನೋ ಒಂದನ್ನು ನನ್ನ ಮೊಬೈಲಿಗೆ ಹಾಕಿದ್ದಾಳೆ. ಅದಕ್ಕೆ ನಮ್ಮ ಕನ್ನಡ ಬರುವುದಿಲ್ಲ. ನಿನ್ನ ಅಳಿಯ ಉಪ್ಪು ಕೇಳಿದರೆ ಒಪ್ಪು ಎಂದು ಬರೆಯುತ್ತದೆ. ಇಬ್ಬರೂ ನಗುತ್ತೇವೆ. ನಾನು ಅವಳಿಗೆ ಏನಾದರೂ ಓದು ಎನ್ನುತ್ತೇನೆ. ಪುಸ್ತಕ, ಪೇಪರು, ಬಿಸ್ಕಿಟ್ ಪೊಟ್ಟಣದ ಮೇಲಿನದು, ಏನಾದರೂ. ಅವಳು ಓದುತ್ತಾಳೆ. ನಾನು ಕಣ್ಣು ಮುಚ್ಚಿ ಕೇಳಿಟ್ಟುಕೊಳ್ಳುತ್ತೇನೆ. ಅವಳ ದನಿಗೆ ಕೊನೆಯಲ್ಲಿ ಸ್ವಲ್ಪ ಒರಟು ಇದೆ, ನೆಗಡಿ ಆದವರ ಹಾಗೆ. ಇಷ್ಟು ವರ್ಷ ಅದನ್ನು ಗಮನಿಸಿಯೇ ಇರಲಿಲ್ಲ.

ನನ್ನ ದನಿ ಹೇಗಾಯಿತು ಎಂದು ಕೇಳಿದ್ದೀ. ಸಪ್ನಾಳನ್ನು ಕೇಳಿದೆ. ನಿನ್ನದು ತಂಬಿಗೆಯಲ್ಲಿ ನೀರು ತುಂಬಿಸಿದಾಗ ಬರುವ ಸದ್ದಿನ ಹಾಗೆ ಇದೆ ಎಂದು ಹೇಳಿದಳು. ಹಾಗೆಂದರೆ ಏನೋ! ನಿನಗೆ ತಂಬಿಗೆಯ ಸದ್ದು ನೆನಪಿದೆಯಲ್ಲ?

ನಿನ್ನ
ಶಿವಕುಮಾರಿ


ತಾ.ಕ.: ಅಜ್ಜಿ, ನಾನು ಸಪ್ನಾ. ಮಮ್ಮಿ ಪೋಸ್ಟ್ ಮಾಡು ಅಂತ ಪಾಕೀಟ್ ಕೊಟ್ಟಳು, ಅಂಟಿಸಿಲ್ಲ, ಅದಕ್ಕೆ ಕೆಳಗೆ ಬರಿತಾ ಇದೀನಿ. ಮಮ್ಮಿ ಕಲಿಸಿದ್ದು ಅಷ್ಟೇ ಕನ್ನಡ ಬರುತ್ತೆ, ಗಲತಿ ಇದ್ದರೆ ಮಾಫ್ ಮಾಡಿ. ನನಗೂ ಮಾರ್ಚ್‌ನಿಂದ ಸೀಟಿ ಬರ್ತಾ ಇದೆ. ನಾನು ಒಬ್ಬಳೇ ಹೋಗಿ ಟೆಸ್ಟ್ ಮಾಡಿಸಿದೆ. ಮಮ್ಮಿಗೆ ಇರೋದೇ ನನಗೂ ಇದೆ ಅಂತ ಹೇಳಿದರು. ದಿವಾಳಿ ಛುಟ್ಟಿಗೆ ನಾನು ನಿಮ್ಮ ಹತ್ತಿರ ಬರ್ತೀನಿ, ಪಾಟಿ ಮೇಲೆ ಬರೆದು ಕೇಳೋದು ಬಹುತ್ ಇದೆ. ಮಮ್ಮಿಗೆ ಇವಾಗ ಹೇಳಬೇಡಿ ಪ್ಲೀಸ್. ಅವಳು ದಿನಾ ನನ್ನ ದನಿ ಯಾದ್ ಮಾಡಿ ಇಟ್ಕೊತಾ ಇದ್ದಾಳೆ, ಇನ್ನೂ ಪೂರಾ ಆಗಿಲ್ಲ.